ತನಿಖೆಯನ್ನು ಜನ ಏಕೆ ನಂಬುವುದಿಲ್ಲ?

ಮಕ್ಕಳ ಮೇಲೆ ದೌರ್ಜನ್ಯ ನಡೆದ ಸುದ್ದಿ ಹೊರಬಿದ್ದಾಗಲೆಲ್ಲ ಸರಕಾರ ತನಿಖೆಗೆ ಆಜ್ಞೆ ಹೊರಡಿಸುತ್ತದೆ. ಅದೇ ದಿನ ಜನರು 'ಇನ್ನು ಇದು ಮುಚ್ಚಿಹೋದಂತೆಯೇ' ಎನ್ನುತ್ತಾರೆ. ಇದನ್ನು ತಿಳಿಯದವರ ಗೊಣಗಾಟವೆಂದು ತಳ್ಳಿಹಾಕಲು ಬರುವುದಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರಿರುವ ಹೊಸೂರು-ಕೃಷ್ಣಗಿರಿ ಸೀಮೆಯ ಎರಡು ಪ್ರಕರಣಗಳು ಇದಕ್ಕೆ ಸಾಕ್ಷಿ.

2024ರ ಆಗಸ್ಟಿನಲ್ಲಿ ಕೃಷ್ಣಗಿರಿ ಜಿಲ್ಲೆಯ ಬರಗೂರು ಬಳಿಯ ಖಾಸಗಿ ಶಾಲೆಯೊಂದರಲ್ಲಿ ಎನ್.ಸಿ.ಸಿ.ಯ ಹೆಸರಿನಲ್ಲಿ ಶಿಬಿರ ನಡೆಯಿತು. ಎನ್.ಸಿ.ಸಿ.ಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಲ್ಲಿ ಬಾಲಕಿಯ ಮೇಲೆ ಅತ್ಯಾಚಾರ ನಡೆದ ದೂರು ಬಂತು. ಶಾಲೆಯವರು ಸುಮ್ಮನಿರುವಂತೆ ಹೇಳಿದರೆಂಬ ಆರೋಪದ ಮೇಲೆ ಪ್ರಾಂಶುಪಾಲರೂ ಬಂಧಿತರಾದರು. ಮುಖ್ಯಮಂತ್ರಿ ಸ್ಟಾಲಿನ್ ಅವರು ಐ.ಜಿ. ದರ್ಜೆಯ ಮಹಿಳಾ ಅಧಿಕಾರಿಯ ನೇತೃತ್ವದಲ್ಲಿ ವಿಶೇಷ ತನಿಖಾ ತಂಡವನ್ನೂ, ಸಮಾಜ ಕಲ್ಯಾಣ ಕಾರ್ಯದರ್ಶಿಯ ನೇತೃತ್ವದಲ್ಲಿ ಇನ್ನೊಂದು ತಂಡವನ್ನೂ ನೇಮಿಸಿದರು. ಇದರ ಬೆನ್ನಿಗೇ, ಆಗಸ್ಟ್ 23ರಂದು, ಮುಖ್ಯ ಆರೋಪಿ ಆಸ್ಪತ್ರೆಯಲ್ಲಿ ಸತ್ತ. ಬಂಧನಕ್ಕೆ ಮೊದಲೇ ವಿಷ ಸೇವಿಸಿದ್ದನೆಂದು ಪೊಲೀಸರು ಹೇಳಿದರು. ಅದು ನಿಜವೇ ಇರಬಹುದು. ಆದರೂ ನ್ಯಾಯಾಲಯದಲ್ಲಿ ಅವನ ಬಾಯಿಂದ ಬರಬೇಕಾಗಿದ್ದ ಉತ್ತರಗಳು ಅವನೊಂದಿಗೇ ಹೋದವು. ಜನರಿಗೆ ಸಂಶಯ ಬಂದರೆ ಅದು ಅವರ ತಪ್ಪೆ?

ಆರು ತಿಂಗಳ ಬಳಿಕ, 2025ರ ಫೆಬ್ರವರಿಯಲ್ಲಿ, ಅದೇ ಜಿಲ್ಲೆಯ ಸರಕಾರಿ ಶಾಲೆಯೊಂದರ ಮೂವರು ಶಿಕ್ಷಕರು ವಿದ್ಯಾರ್ಥಿನಿಯ ಮೇಲಿನ ಅತ್ಯಾಚಾರದ ಆರೋಪದಲ್ಲಿ ಬಂಧಿತರಾದರು. ಅದನ್ನು ಹೊರಗೆಡಹಿದ್ದು ಯಾವ ಸಮಿತಿಯೂ ಅಲ್ಲ. ಹುಡುಗಿ ಶಾಲೆಗೆ ಏಕೆ ಬರುತ್ತಿಲ್ಲವೆಂದು ಮುಖ್ಯೋಪಾಧ್ಯಾಯರು ವಿಚಾರಿಸಿದಾಗ ಸತ್ಯ ಹೊರಬಿತ್ತು.

1952ರ ವಿಚಾರಣಾ ಆಯೋಗಗಳ ಕಾಯಿದೆಯಂತೆ ರಾಜ್ಯ ಸರಕಾರ ನೇಮಿಸಿದ ಆಯೋಗದ ವರದಿಯನ್ನು ಆರು ತಿಂಗಳೊಳಗೆ, ಕೈಗೊಂಡ ಕ್ರಮದ ವಿವರದೊಡನೆ, ಶಾಸನಸಭೆಯ ಮುಂದಿಡಬೇಕು. ಆದರೆ ಬರೇ ಆಡಳಿತಾಜ್ಞೆಯಿಂದ ಹುಟ್ಟುವ ಸಮಿತಿಗೆ ಈ ಕಟ್ಟುಪಾಡಿಲ್ಲ. ಅದರ ವರದಿ ಕಡತದಲ್ಲೇ ಉಳಿದರೂ ಕೇಳುವವರಿಲ್ಲ. ಕಾಣದ ವರದಿಯನ್ನು ನಂಬಿರೆಂದು ಯಾವ ತಾಯಿತಂದೆಗೆ ಹೇಳುವುದು? ಗುಟ್ಟಾಗಿಡಬೇಕಾದುದು ಮಗುವಿನ ಹೆಸರು ಮಾತ್ರ. 2019ರ ಪೊಳ್ಳಾಚಿ ಪ್ರಕರಣದಲ್ಲಿ ಆದದ್ದು ತದ್ವಿರುದ್ಧ: ಸಂತ್ರಸ್ತೆಯ ಹೆಸರನ್ನು ಪೊಲೀಸ್ ಅಧಿಕಾರಿಯೇ ಪತ್ರಕರ್ತರ ಮುಂದೆ ಹೇಳಿಬಿಟ್ಟರು. ಆ ಪ್ರಕರಣದಲ್ಲಿ ಒಂಬತ್ತು ಮಂದಿಗೆ ಜೀವಾವಧಿ ಶಿಕ್ಷೆಯಾದದ್ದು ಆರು ವರ್ಷಗಳ ಬಳಿಕ, 2025ರ ಮೇ ತಿಂಗಳಲ್ಲಿ.

ಭಾಷಾ ಅಲ್ಪಸಂಖ್ಯಾತರಿಗೆ ಇನ್ನೂ ಒಂದು ಭಯವಿದೆ. ಮನೆಯಲ್ಲಿ ಕನ್ನಡವಾಡುವ ಮಗುವಿನ ಹೇಳಿಕೆಯನ್ನು ಹೊಸೂರಿನಲ್ಲಿ ತಮಿಳಿನಲ್ಲಿ, ಕಾಸರಗೋಡಿನಲ್ಲಿ ಮಲಯಾಳದಲ್ಲಿ ಬರೆದುಕೊಂಡರೆ, ತಾನು ಹೇಳಿದ್ದೇ ಅದರಲ್ಲಿದೆಯೆಂದು ಆ ಮಗು ತಿಳಿಯುವುದು ಹೇಗೆ? 2012ರ ಪೋಕ್ಸೊ ಕಾಯಿದೆ ಇದನ್ನು ಮರೆತಿಲ್ಲ. ಬೇಕಾದಲ್ಲಿ ದುಭಾಷಿಯನ್ನು ಒದಗಿಸಬೇಕು, ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಬಯಸಿದ ಕಡೆಯಲ್ಲೋ ಪಡೆಯಬೇಕು, ಅಧಿಕಾರಿ ಸಮವಸ್ತ್ರದಲ್ಲಿರಬಾರದು, ರಾತ್ರಿ ಠಾಣೆಯಲ್ಲಿ ಮಗುವನ್ನು ಇರಿಸಿಕೊಳ್ಳಬಾರದು. ಗೊತ್ತಿದ್ದೂ ದೂರು ಕೊಡದವರಿಗೆ ಶಿಕ್ಷೆಯಿದೆ. ಕೈಕೆಳಗಿನವರ ಅಪರಾಧವನ್ನು ಮುಚ್ಚಿಡುವ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೂ ಸೆರೆಮನೆ.

ಇಂತಹ ಕಾನೂನಿದ್ದೂ ಜನ ನಂಬುವುದಿಲ್ಲವೆಂದರೆ ಕೊರತೆ ಪಾಲನೆಯಲ್ಲಿದೆ. ಮಕ್ಕಳ ವಿಷಯದಲ್ಲಿ ನೇಮಿಸುವ ಪ್ರತಿಯೊಂದು ಸಮಿತಿಯೂ ಹೆಸರುಗಳನ್ನು ಬಿಟ್ಟು ತನ್ನ ವರದಿಯನ್ನು ಗೊತ್ತಾದ ದಿನದೊಳಗೆ ಪ್ರಕಟಿಸಬೇಕು. ಗಡಿ ಜಿಲ್ಲೆಗಳಲ್ಲಿ ಕನ್ನಡದಲ್ಲೂ ಪ್ರಕಟಿಸಬೇಕು. ಕನ್ನಡ ಬಲ್ಲ ದುಭಾಷಿಗಳ ಪಟ್ಟಿ ಪ್ರತಿ ಠಾಣೆಯಲ್ಲೂ ಇರಬೇಕು. ಈ ಎರಡನ್ನು ನಾವು ಹಕ್ಕಿನಿಂದಲೇ ಕೇಳಬೇಕು. ಅಷ್ಟರಲ್ಲಿ ಸರಕಾರದ ಮೇಲಿನ ಅಪನಂಬಿಕೆ ನಮ್ಮ ಮೌನಕ್ಕೆ ನೆಪವಾಗಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಯಾವ ಸಮಿತಿಯ ಅಪ್ಪಣೆಯೂ ಬೇಕಿಲ್ಲ. ನಾಲ್ಕು ದಿನ ಶಾಲೆಗೆ ಬಾರದ ಮಗುವಿನ ಮನೆ ಬಾಗಿಲಿಗೆ ಹೋಗಿ ವಿಚಾರಿಸಲೂ ಬೇಕಿಲ್ಲ.