ಗುರುವಿನ ನಡೆ, ಮಗುವಿನ ನುಡಿ

ಮಕ್ಕಳು ಪುಸ್ತಕವನ್ನು ಓದಲು ಕಲಿಯುವುದಕ್ಕೆ ಮೊದಲೇ ಉಪಾಧ್ಯಾಯರ ಮುಖವನ್ನು ಓದಲು ಕಲಿಯುತ್ತಾರೆ. ಅಕ್ಷರವನ್ನೇ ಅರಿಯದ ಐದು ವರ್ಷದ ಕೂಸಿಗೂ ಗುರುಗಳ ಗಂಟಿಕ್ಕಿದ ಹುಬ್ಬಿನ ಅರ್ಥ ತಿಳಿಯುತ್ತದೆ. ಆದುದರಿಂದ ತರಗತಿಯಲ್ಲಿ ಗುರುಗಳ ನಡತೆಯೇ ಮೊದಲನೆಯ ಪಾಠ. ಈ ಮಾತು ಎಲ್ಲ ಶಾಲೆಗಳಿಗೂ ಸಲ್ಲುತ್ತದೆ. ಮನೆಯಲ್ಲೊಂದು ನುಡಿ, ಶಾಲೆಯಲ್ಲೊಂದು ನುಡಿ ಇರುವ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ತಮಿಳುನಾಡಿನ ಕಂಬಂ ಕಣಿವೆಯನ್ನೇ ನೋಡೋಣ. ಪಶ್ಚಿಮ ಘಟ್ಟದ ಮಡಿಲಲ್ಲಿ, ಮುಲ್ಲೈಪೆರಿಯಾರಿನ ನೀರುಂಡು ಹಸುರಾಗಿರುವ ತೇನಿ ಜಿಲ್ಲೆಯ ಈ ಭಾಗದಲ್ಲಿಯೂ ಅದರಾಚೆ ದಿಂಡಿಗಲ್ ಸೀಮೆಯಲ್ಲಿಯೂ ಕಪ್ಪಿಲಿಯರು, ಅನುಪ್ಪರು ಮೊದಲಾದ ಕನ್ನಡ ಮನೆಮಾತಿನ ಜನರು ತಲೆಮಾರುಗಳಿಂದ ಬಾಳುತ್ತಿದ್ದಾರೆ. ಅವರ ಓದುಬರಹವೆಲ್ಲ ತಮಿಳಿನಲ್ಲಿ. ಕನ್ನಡವಾದರೋ ಅಡುಗೆಮನೆಯಲ್ಲಿ, ಜಗಲಿಯಲ್ಲಿ, ಹೊಲದ ಬದುವಿನಲ್ಲಿ ಬಾಯಿಂದ ಬಾಯಿಗೆ ಸಾಗಿ ಉಳಿದು ಬಂದದ್ದು. 2006ರ ಕಾಯಿದೆಯ ಮೇರೆಗೆ ಆ ರಾಜ್ಯದ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ತಮಿಳು ಕಡ್ಡಾಯವಾಯಿತು. ತಾವು ನೆಲೆಸಿದ ನಾಡಿನ ಭಾಷೆಯನ್ನು ಮಕ್ಕಳು ಚೆನ್ನಾಗಿ ಕಲಿಯಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಮನೆಯ ನುಡಿಯಿಂದ ಶಾಲೆಯ ನುಡಿಗೆ ದಾಟುವ ಆ ಎಳೆಯ ಮಗುವಿನ ಕೈಯನ್ನು ಹಿಡಿಯುವವರು ಯಾರು, ಹೇಗೆ ಹಿಡಿಯುತ್ತಾರೆ ಎಂಬುದಷ್ಟೇ ಪ್ರಶ್ನೆ.

ಗುರುಗಳು ಹಾಲಿನ ಚಿತ್ರವನ್ನು ತೋರಿಸಿ ಇದೇನೆಂದು ಕೇಳಿದರೆನ್ನಿ. ಮಗು ಉತ್ಸಾಹದಿಂದ ತನ್ನ ಮನೆಯ ಮಾತಿನಲ್ಲಿಯೇ ಉತ್ತರಿಸುತ್ತದೆ. ಆಗ ಗುರುಗಳು ನಕ್ಕರೆ ಇಡೀ ತರಗತಿಯೇ ನಗುತ್ತದೆ. ಅವರು ಗದರಿದರೆ, ಆಟದ ಹೊತ್ತಿನಲ್ಲಿ ಇತರ ಮಕ್ಕಳೂ ಅದೇ ದನಿಯಲ್ಲಿ ಗದರುತ್ತಾರೆ. 1961ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಅವರ ಸಂಗಡಿಗರು 72 ಮಂದಿ ಎಳೆಯ ಮಕ್ಕಳನ್ನು ಪರೀಕ್ಷಿಸಿ ನೋಡಿದರು. ದೊಡ್ಡವರೊಬ್ಬರು ಬೊಂಬೆಯನ್ನು ಹೊಡೆದು ಬಯ್ಯುವುದನ್ನು ಕಂಡ ಮಕ್ಕಳಲ್ಲಿ ಅನೇಕರು ಬಳಿಕ ಅದೇ ಏಟನ್ನೂ ಅದೇ ಬಯ್ಗುಳವನ್ನೂ ಅನುಕರಿಸಿದರು. ಹಾಗೆ ಮಾಡೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಕಂಡದ್ದೇ ಸಾಕಾಗಿತ್ತು.

ಒಮ್ಮೆ ನಗೆಗೀಡಾದ ಮಗು ಮರುದಿನ ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದ ಮಗುವನ್ನು ಮಂದಬುದ್ಧಿಯದೆಂದು ಎಣಿಸುವುದು ಸುಲಭ. ಗುರುಗಳ ಎಣಿಕೆಗೂ ಬಲವುಂಟೆಂದು ರೋಸೆಂತಾಲ್ ಮತ್ತು ಜೇಕಬ್‌ಸನ್ ಎಂಬ ಸಂಶೋಧಕರು 1968ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಚೀಟಿಯೆತ್ತಿದಂತೆ ಆರಿಸಿದ ಕೆಲವು ಮಕ್ಕಳನ್ನು ಮುಂದೆ ಬರುವವರೆಂದು ಅವರು ಉಪಾಧ್ಯಾಯರಿಗೆ ತಿಳಿಸಿದ್ದರು. ಕೆಳ ತರಗತಿಗಳಲ್ಲಿ ಅಂತಹ ಮಕ್ಕಳು ಉಳಿದವರಿಗಿಂತ ಹೆಚ್ಚಿನ ಪ್ರಗತಿಯನ್ನು ತೋರಿದರು. ಆ ಪ್ರಭಾವ ಎಷ್ಟು ದೊಡ್ಡದೆಂಬ ಬಗ್ಗೆ ವಿದ್ವಾಂಸರಲ್ಲಿ ಮುಂದೆ ಬಹಳ ವಾದ ನಡೆಯಿತು. ಆದರೂ ನಂಬಿಕೆಯಿಟ್ಟ ಮಗುವಿನತ್ತ ಗುರುಗಳು ಹೆಚ್ಚು ತಿರುಗುವರು, ಅದರ ಉತ್ತರಕ್ಕಾಗಿ ಹೆಚ್ಚು ಹೊತ್ತು ಕಾಯುವರು ಎಂಬುದನ್ನು ಯಾವ ತರಗತಿಯಲ್ಲಿಯಾದರೂ ಕಾಣಬಹುದು.

ಹಾನಿ ಶಾಲೆಯಲ್ಲಿಯೇ ನಿಲ್ಲುವುದಿಲ್ಲ. ನಾಚಿದ ಮಗು ಮನೆಗೆ ಬಂದು, ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡತೊಡಗುತ್ತದೆ. ಮಗುವಿಗೆ ತೊಂದರೆಯಾಗದಿರಲೆಂದು ತಾಯಿಯೂ ಅದೇ ದಾರಿ ಹಿಡಿಯುತ್ತಾಳೆ. ಲಿಪಿಯ ಆಸರೆಯಿಲ್ಲದ ಮಾತು ನಾಲಗೆಯಿಂದ ಜಾರಿದರೆ ಮತ್ತೆ ಹುಡುಕಲು ಪುಸ್ತಕವೂ ಇರುವುದಿಲ್ಲ.

ಇದಕ್ಕೆ ಬದಲಾಗಿ ಗುರುಗಳು, "ಸರಿಯಾಗಿ ಹೇಳಿದೆ, ನಿಮ್ಮ ಮನೆಯಲ್ಲಿ ಹಾಲು, ಇಲ್ಲಿ ಪಾಲ್" ಎಂದರೆ ಸಾಕು. ಕನ್ನಡದ ಹಲ್ಲು, ಹುಲಿ, ಹತ್ತುಗಳು ತಮಿಳಿನಲ್ಲಿ ಪಲ್, ಪುಲಿ, ಪತ್ತು ಆಗುತ್ತವೆ. ಬಾ ಎಂಬುದು ವಾ, ಬಾಯಿ ಎಂಬುದು ವಾಯ್. ಒಡಹುಟ್ಟಿದ ಈ ಎರಡು ನುಡಿಗಳ ನಂಟನ್ನು ಬಲ್ಲ ಮಗುವಿಗೆ ಮನೆಮಾತೇ ತಮಿಳಿನ ಮೆಟ್ಟಿಲಾಗುತ್ತದೆ. ಗುರುಗಳಿಗೆ ಕನ್ನಡ ಬರಲೇಬೇಕೆಂದಿಲ್ಲ. "ಇದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುವಿರಿ?" ಎಂದು ಕೇಳುವ ಸೌಜನ್ಯವೊಂದಿದ್ದರೆ ಸಾಕು. ಆ ಸೌಜನ್ಯವನ್ನು ಕಂಡ ಇತರ ಮಕ್ಕಳೂ ಅದನ್ನೇ ಕಲಿಯುತ್ತಾರೆ.

ಗುರುಗಳ ನಡತೆಯ ಬೆಲೆಯನ್ನು ತಮಿಳುನಾಡಿನ ಶಾಲೆಗಳು ಅರಿಯದವೇನಲ್ಲ. 2003ರಲ್ಲಿ ಚೆನ್ನೈ ನಗರಸಭೆಯ ಶಾಲೆಗಳಲ್ಲಿ ಮೊದಲಾಗಿ ಬಳಿಕ ರಾಜ್ಯದಾದ್ಯಂತ ಹಬ್ಬಿದ ಚಟುವಟಿಕೆಯ ಕಲಿಕೆಯಲ್ಲಿ ಉಪಾಧ್ಯಾಯರು ಕುರ್ಚಿಯನ್ನು ಬಿಟ್ಟು ಮಕ್ಕಳೊಡನೆ ನೆಲದ ಮೇಲೆ ಕುಳಿತರು. ಮಕ್ಕಳ ಕೈಗೆಟಕುವಂತೆ ಗೋಡೆಯ ಕೆಳಭಾಗದಲ್ಲಿಯೇ ಕರಿಹಲಗೆ ಬಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ವಿಧಿ ಹೊಡೆತವನ್ನು ಮಾತ್ರವಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮನೆಮಾತನ್ನು ಹೀಯಾಳಿಸಿ ಮಗುವನ್ನು ಕುಗ್ಗಿಸುವುದು ಇಂತಹ ಕಿರುಕುಳವಲ್ಲದೆ ಮತ್ತೇನು?

ತಂದೆತಾಯಂದಿರಿಗೂ ಒಂದು ಮಾತು. ಒಂದು ದಿನದ ಗದರಿಕೆಯಿಂದ ಯಾವ ಮಗುವೂ ಕೆಡುವುದಿಲ್ಲ; ದಿನನಿತ್ಯದ ತಾತ್ಸಾರ ಕೆಡಿಸುತ್ತದೆ. ಹಲವು ಮಕ್ಕಳ ಹೊರೆಯನ್ನು ಹೊತ್ತ ಉಪಾಧ್ಯಾಯರೊಡನೆ ಜಗಳಕ್ಕೆ ಹೋಗದೆ, ಮಗುವನ್ನು ಸೇರಿಸುವ ದಿನವೇ, "ನಮ್ಮ ಮನೆಮಾತು ಕನ್ನಡ, ಕೂಸಿಗೆ ಕೆಲವು ತಿಂಗಳ ಅವಕಾಶ ಕೊಡಿ" ಎಂದು ವಿನಯದಿಂದ ತಿಳಿಸಿರಿ. "ಮೇಷ್ಟರಿಗೆ ಹೇಳಿ ಹೊಡೆಸುತ್ತೇನೆ" ಎಂದು ಹೆದರಿಸಬೇಡಿರಿ. ಮಗು ಎರಡು ನುಡಿಗಳನ್ನು ಬೆರೆಸಿ ಆಡಿದರೆ ನೀವೂ ನಗಬೇಡಿರಿ. ಶಾಲೆಯಿಂದ ಬಂದೊಡನೆ ಅಂಕವನ್ನು ಕೇಳುವ ಮೊದಲು, ಇಂದು ತರಗತಿಯಲ್ಲಿ ಏನು ಮಾತನಾಡಿದೆ ಎಂದು ಕೇಳಿರಿ. ಮಾತನಾಡುವ ಮಗು ಇಂದಲ್ಲ ನಾಳೆ ಕಲಿತೇ ಕಲಿಯುತ್ತದೆ.