ಮನೆಯಂಗಳ: ಕಾಗದದ ಹಸು, ಕಾಯುವ ಸರಪಳಿ



ಡಿಸೆಂಬರ್ ಬಂತೆಂದರೆ ತಾಳವಾಡಿ ಬೆಟ್ಟಸೀಮೆಯಲ್ಲಿ ಚಳಿ ಬಿಗಿಯುತ್ತದೆ. ದೊಡ್ಡವರಿಗೆ ರಾಗಿ ಕೊಯ್ಲು, ಕಣದ ಕೆಲಸ. ಸಂಜೆ ಬೇಗ ಕತ್ತಲಾಗುವುದರಿಂದ ಚಿಕ್ಕ ಮಕ್ಕಳು ಮನೆಯೊಳಗೇ ಉಳಿಯುತ್ತಾರೆ. ಆ ಹೊತ್ತನ್ನು ಟಿ.ವಿ.ಗೋ ಮೊಬೈಲಿಗೋ ಒಪ್ಪಿಸಿಬಿಡುವುದು ಸುಲಭ. ಅದರ ಬದಲು ಹಳೆಯ ಕಾಗದ, ಕತ್ತರಿ, ಒಂದಿಷ್ಟು ಅಂಟು ಇಟ್ಟುಕೊಂಡು ಮಕ್ಕಳ ಜೊತೆ ಅರ್ಧ ಗಂಟೆ ಕೂತು ನೋಡಿ. ಈ ಸಲ ಅಂಥ ಎರಡು ಕೆಲಸಗಳನ್ನು ಹೇಳುತ್ತೇನೆ.

ಮೊದಲು ಅಂಟು. ಎರಡು ಚಮಚ ಮೈದಾವನ್ನು ಅರ್ಧ ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಗಟ್ಟಿಯಾಗುವವರೆಗೆ ಕಾಯಿಸಿ ಆರಿಸಿ. ಒಲೆಯ ಕೆಲಸ ದೊಡ್ಡವರದು. ಹಚ್ಚುವ ಕೆಲಸ ಮಕ್ಕಳದು.

ಇನ್ನು ಗೋದಲಿಗೆ ಒಂದು ಹಸು. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ನಡುವೆ ಮಡಚಿ. ಮಡಿಕೆ ಮೇಲಿರಲಿ, ಅದೇ ಹಸುವಿನ ಬೆನ್ನು. ಕೆಳಗಿನ ಎರಡೂ ಅಂಚುಗಳ ಮಧ್ಯಭಾಗವನ್ನು ಕಮಾನಿನಂತೆ ಕತ್ತರಿಸಿದರೆ ನಾಲ್ಕು ಕಾಲು ಸಿದ್ಧ. ಬೇರೊಂದು ತುಂಡಿನಲ್ಲಿ ಕೊಂಬು, ಕಿವಿ, ಕತ್ತಿನ ಸಮೇತ ತಲೆ ಬರೆದು ಕತ್ತರಿಸಿ. ಬೆನ್ನಿನ ಮುಂತುದಿಯಲ್ಲಿ ಒಂದು ಬೆರಳಗಲ ಸೀಳಿ, ಕತ್ತನ್ನು ಅಲ್ಲಿ ಸಿಕ್ಕಿಸಿ ಅಂಟಿಸಿ. ಬಾಲಕ್ಕೆ ದಾರ ಸಾಕು.

ಹಸುವಿನ ಬೆಲೆಯನ್ನು ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಗುಮಟಾಪುರದಲ್ಲಿ ದೀಪಾವಳಿಯ ಬೆನ್ನಲ್ಲೇ ಬೀರೇಶ್ವರನ ಗುಡಿಯ ಬಳಿ ಗೊರೆ ಹಬ್ಬ ನಡೆಯುತ್ತದೆ. ಊರಿನ ಸಗಣಿಯನ್ನೆಲ್ಲ ರಾಶಿ ಹಾಕಿ, ಒಬ್ಬರ ಮೇಲೊಬ್ಬರು ಎಸೆದು ನಲಿಯುತ್ತಾರೆ. ಸಗಣಿಗೂ ಹಬ್ಬ ಮಾಡುವ ಸೀಮೆಯಲ್ಲಿ ಬಾಲಯೇಸು ಹಸುವಿನ ಮೇವಿನ ತೊಟ್ಟಿಯಲ್ಲಿ ಮಲಗಿದನೆಂದರೆ ಯಾವ ಮಗುವೂ ಮುಖ ಸಿಂಡರಿಸುವುದಿಲ್ಲ.

ಆದರೆ ಒಂದು ಮಾತು ತಿಳಿದಿರಲಿ. ಸಂತ ಲೂಕನ ಶುಭಸಂದೇಶದಲ್ಲಿ ಗೋದಲಿ ಇದೆ, ಎತ್ತು-ಕತ್ತೆಗಳ ಹೆಸರಿಲ್ಲ. ತನ್ನ ಒಡೆಯನನ್ನು ಬಲ್ಲ ಎತ್ತು, ಒಡೆಯನ ಗೋದಲಿಯನ್ನು ಬಲ್ಲ ಕತ್ತೆ, ಇವುಗಳ ಮಾತು ಬರುವುದು ಪ್ರವಾದಿ ಯೆಶಾಯನ ಮೊದಲ ಅಧ್ಯಾಯದಲ್ಲಿ. 1223ರ ಕ್ರಿಸ್ತಜಯಂತಿಯಂದು ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು ಹಾಸಿ, ಜೀವಂತ ಎತ್ತು-ಕತ್ತೆಗಳನ್ನೇ ತಂದು ನಿಲ್ಲಿಸಿದರು. ನಮ್ಮ ಮನೆಯ ಗೋದಲಿಗಳು ಆ ರಾತ್ರಿಯ ಮರಿಮಕ್ಕಳು.

ಎರಡನೆಯದು ಕಾಯುವ ಸರಪಳಿ. ಹಳೆಯ ನೋಟ್‌ಬುಕ್ಕಿನ ಹಾಳೆಯನ್ನು ಎರಡು ಬೆರಳಗಲ, ಒಂದು ಗೇಣುದ್ದದ ಪಟ್ಟಿಗಳಾಗಿ ಕತ್ತರಿಸಿ. ಡಿಸೆಂಬರ್ 1ರಿಂದ 25ರವರೆಗೆ ದಿನಕ್ಕೊಂದರಂತೆ 25 ಪಟ್ಟಿ. ಆಗಮನ ಕಾಲದ ಬಣ್ಣವಾದ ನೇರಳೆಯನ್ನು ಹಚ್ಚಲಿ. ಮೂರನೆಯ ಭಾನುವಾರದ ಪಟ್ಟಿಗೆ ಮಾತ್ರ ಗುಲಾಬಿ, ಅದಕ್ಕೆ ಬೀಟ್‌ರೂಟ್ ರಸ ಸಾಕು. ಪ್ರತಿ ಪಟ್ಟಿಯ ಹಿಂದೆ ಒಂದು ಪುಟ್ಟ ಕೆಲಸ ಬರೆಯಿರಿ: ಕರುವಿಗೆ ನೀರಿಡುವುದು, ಅಜ್ಜಿಯ ಕಾಲೊತ್ತುವುದು, ಜಗಳವಾಡಿದ ಗೆಳೆಯನನ್ನು ಮಾತಾಡಿಸುವುದು. ಬರಹ ಒಳಗಿರುವಂತೆ ಬಳೆ ಮಾಡಿ, ಒಂದರೊಳಗೊಂದು ಪೋಣಿಸಿ ಅಂಟಿಸಿ. ಪ್ರತಿ ಸಂಜೆ ಕುಟುಂಬ ಪ್ರಾರ್ಥನೆಯ ನಂತರ ಒಂದನ್ನು ಹರಿದು ಓದಲಿ; ಮರುದಿನ ಆ ಕೆಲಸ ಮಾಡಲಿ.

ಈ ಸರಪಳಿಯ ವಿಷಯದಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಗುಮಟಾಪುರದ ಒಂದು ಮನೆಯ ಜಗುಲಿಯಲ್ಲಿ ಆರು ವರ್ಷದ ಹುಡುಗನೊಬ್ಬನಿಗೆ ಇದನ್ನು ಕಲಿಸಿದೆ. ಅವನ ಅಪ್ಪ ತಿರುಪ್ಪೂರಿನಲ್ಲಿ ಬನಿಯನ್ ಹೊಲಿಯುವ ಕೆಲಸದಲ್ಲಿದ್ದ. ಹುಡುಗನ ಮುಖ ಬಾಡಿದ್ದನ್ನು ನೋಡಿ, “ಬಳೆ ಮುಗಿಯೋ ಹೊತ್ತಿಗೆ ಅಪ್ಪ ಬರ್ತಾನೆ ಮಗಾ” ಎಂದುಬಿಟ್ಟೆ. ಅವನಿಗೆ ರಜೆ ಸಿಗಲಿಲ್ಲ. ಹಬ್ಬದ ಮಾರನೆಯ ದಿನ ಹೋದಾಗ ನನ್ನ ಕಾಲು ಹಿಂಜರಿಯಿತು. ಗೋಡೆಯ ಮೇಲೆ ಸರಪಳಿ ಇತ್ತು, ಹೊಸ ಬಳೆಗಳೊಂದಿಗೆ! “ಅಪ್ಪ ಬರೋಗಂಟ ಅಂಟಿಸ್ತೀನಿ ಫಾದರ್” ಎಂದ ಹುಡುಗ. ಒಳಗೆ ಏನು ಬರೆದಿದ್ದಾನೆಂದು ಕೇಳಿದೆ. ಬರೆಯಲು ಬಾರದ್ದಕ್ಕೆ ಪ್ರತಿಯೊಂದರಲ್ಲೂ ಒಂದು ಬಸ್ಸು ಬಿಡಿಸಿದ್ದ. ಅಪ್ಪ ಬಂದದ್ದು ಸಂಕ್ರಾಂತಿಗೆ.

ನನ್ನ ಕೈಯಲ್ಲಿಲ್ಲದ್ದನ್ನು ಮಗುವಿಗೆ ಮಾತು ಕೊಟ್ಟಿದ್ದೆ. ನೀವು ಹಾಗೆ ಮಾಡಬೇಡಿ. “ಬರ್ತಾರೆ” ಎನ್ನುವ ಬದಲು “ಬನ್ನಿ, ಜೊತೆಗೆ ಕಾಯೋಣ” ಎನ್ನಿ. ದೂರದಲ್ಲಿ ದುಡಿಯುವ ಅಪ್ಪಂದಿರೇ, ಅಮ್ಮಂದಿರೇ, ಸಂಜೆ ಬಳೆ ಹರಿಯುವ ಹೊತ್ತಿಗೆ ಫೋನ್ ಮಾಡಿ, ಆ ದಿನದ ಚೀಟಿಯನ್ನು ಮಗುವಿನ ಬಾಯಲ್ಲೇ ಕೇಳಿ.

ಆಗಮನ ಕಾಲದಲ್ಲಿ ಧರ್ಮಸಭೆ ನಮಗೆ ಕಲಿಸುವುದೂ ಕಾಯುವುದನ್ನೇ. ಆ ಪಾಠವನ್ನು ನಾನು ಸೆಮಿನರಿಯಲ್ಲಿ ಓದಿದ್ದೆ. ಅರ್ಥವಾದದ್ದು ಆ ಜಗುಲಿಯಲ್ಲಿ. ಬಾಲಯೇಸು ನಿಮ್ಮ ಮನೆಯ ಮಕ್ಕಳನ್ನೂ, ಅವರು ಕಾಯುತ್ತಿರುವವರನ್ನೂ ಹರಸಲಿ.