ಆಕ್ಟೇನ್ ಏರಿತು, ಮೈಲೇಜ್ ಇಳಿಯಿತು: ಬಿಲ್ ಮಾತ್ರ ಸವಾರನಿಗೆ

ಅಮೃತಹಳ್ಳಿ ಮುಖ್ಯರಸ್ತೆಯಲ್ಲಿ ಮುಂದಿನ ಆರ್ಡರ್‌ಗೆ ಕಾಯುತ್ತಾ ನಿಲ್ಲುವ ಡೆಲಿವರಿ ಹುಡುಗರಿಗೆ ನಾನು ಪತ್ರಕರ್ತ ಅನ್ನೋದಕ್ಕಿಂತ ಮೆಕ್ಯಾನಿಕಲ್ ಓದಿದವನು ಅನ್ನೋದೇ ಹೆಚ್ಚು ಉಪಯೋಗಕ್ಕೆ ಬರುತ್ತೆ. ಪ್ರಶ್ನೆ ಯಾವಾಗಲೂ ಒಂದೇ: "ಸಾರ್, ಮೈಲೇಜ್ ಬೀಳ್ತಾ ಇದೆ, ದುಬಾರಿ ಪೆಟ್ರೋಲ್ ಹಾಕಿಸಿದ್ರೆ ಸರಿ ಹೋಗುತ್ತಾ?" ಇಲ್ಲ. ಯಾಕೆ ಇಲ್ಲ ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡಬೇಕು, ಯಾಕಂದ್ರೆ ಇದೇ ಗೊಂದಲವನ್ನ ಸರ್ಕಾರವೂ ಚೆನ್ನಾಗಿ ಬಳಸಿಕೊಳ್ತಿದೆ.

ಆಕ್ಟೇನ್ ಅಂದ್ರೆ ಪೆಟ್ರೋಲಿನ ಶಕ್ತಿ ಅಲ್ಲ, ತಾಳ್ಮೆ. ಸಿಲಿಂಡರ್ ಒಳಗೆ ಪೆಟ್ರೋಲ್–ಗಾಳಿಯ ಮಿಶ್ರಣವನ್ನ ಒತ್ತಿ ಹಿಡಿದಾಗ, ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದ ಮೇಲೆ ಅದು ಕ್ರಮವಾಗಿ ಉರಿಯಬೇಕು. ಬಿಸಿ, ಒತ್ತಡ ತಾಳಲಾರದೆ ಅಲ್ಲಲ್ಲಿ ತಾನಾಗಿಯೇ ಹೊತ್ತಿಕೊಂಡರೆ ಟಕಟಕ ಅಂತ ಸದ್ದು ಬರುತ್ತೆ, ಅದೇ ನಾಕಿಂಗ್. ಆಕ್ಟೇನ್ ಹೆಚ್ಚಿದ್ದಷ್ಟೂ ನಾಕಿಂಗ್ ಕಡಿಮೆ. ಹೆಚ್ಚು ಕಂಪ್ರೆಷನ್ನಿನ, ಟರ್ಬೊ ಎಂಜಿನ್ನುಗಳಿಗೆ ಇದರಿಂದ ಲಾಭ ಇದೆ. ಆದರೆ 91 ಆಕ್ಟೇನ್‌ಗೆ ವಿನ್ಯಾಸ ಮಾಡಿದ ಸಾಮಾನ್ಯ ಸ್ಕೂಟರಿಗೆ 95 ಹಾಕಿದರೆ, ಅಲ್ಲಿ ಇಲ್ಲದ ಸಮಸ್ಯೆಗೆ ದುಡ್ಡು ಕೊಟ್ಟ ಹಾಗೆ.

ಮೈಲೇಜ್ ನಿರ್ಧರಿಸೋದು ಒಂದು ಲೀಟರಿನಲ್ಲಿ ಎಷ್ಟು ಶಾಖ ಅಡಗಿದೆ ಅನ್ನೋದು. ಎಥೆನಾಲ್ ವಿಚಿತ್ರ ಇರೋದೇ ಇಲ್ಲಿ: ಅದರ ಆಕ್ಟೇನ್ ಪೆಟ್ರೋಲಿಗಿಂತ ತುಂಬಾ ಹೆಚ್ಚು, ಶಾಖ ಮಾತ್ರ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಶೇ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನಲ್ಲಿ, ಹಿಂದಿನ ಇ10ಗೆ ಹೋಲಿಸಿದರೆ ಪ್ರತಿ ಲೀಟರಿಗೆ ಸುಮಾರು ಶೇ 3.5ರಷ್ಟು ಶಕ್ತಿ ಕಡಿಮೆ. ಅಂದರೆ ಆಕ್ಟೇನ್ 95ಕ್ಕೆ ಏರಿದ್ದೂ ನಿಜ, ಮೈಲೇಜ್ ಇಳಿದಿದ್ದೂ ನಿಜ. ಎರಡಕ್ಕೂ ಕಾರಣ ಒಂದೇ.

2023ರ ಫೆಬ್ರುವರಿಯಲ್ಲಿ ಪ್ರಧಾನಿ ಇ20 ಮಾರಾಟಕ್ಕೆ ಚಾಲನೆ ಕೊಟ್ಟಿದ್ದು ನಮ್ಮೂರಲ್ಲೇ, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಮೊದಲು 2030ಕ್ಕೆ ಅಂತ ಇದ್ದ ಗುರಿಯನ್ನ 2025-26ಕ್ಕೆ ಎಳೆದು ತಂದರು, ಮುಟ್ಟಿಯೂ ಬಿಟ್ಟರು. 2025ರ ಆಗಸ್ಟ್‌ನಲ್ಲಿ ಮೈಲೇಜ್ ಬಗ್ಗೆ ಗದ್ದಲ ಎದ್ದಾಗ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ಸಮರ್ಥನೆಯಲ್ಲಿ 95 ಆಕ್ಟೇನ್, ಒಳ್ಳೆಯ ಪಿಕಪ್ ಎಲ್ಲಾ ಇತ್ತು. ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇ 1–2, ಉಳಿದವುಗಳಲ್ಲಿ ಶೇ 3–6 ಮೈಲೇಜ್ ಇಳಿಯುತ್ತೆ ಅಂತ ಒಪ್ಪಿಕೊಂಡು, ಇದು ಅಲ್ಪ ಅಂದರು.

ಅಲ್ಪ ಯಾರಿಗೆ? ದಿನಕ್ಕೆ 120 ಕಿ.ಮೀ.ನಂತೆ ತಿಂಗಳಿಗೆ 26 ದಿನ ಓಡಿಸುವ ಹುಡುಗ ಅಂತ ಇಟ್ಟುಕೊಳ್ಳಿ. ಒಟ್ಟು 3,120 ಕಿ.ಮೀ. ಗಾಡಿ 45 ಕೊಡುತ್ತೆ, ಪೆಟ್ರೋಲ್ 103 ರೂಪಾಯಿ. ಮೈಲೇಜ್ ಶೇ 4 ಬಿದ್ದರೆ ತಿಂಗಳಿಗೆ ಸುಮಾರು ಮೂರು ಲೀಟರ್ ಹೆಚ್ಚು, 300 ರೂಪಾಯಿ. ಹೆಬ್ಬಾಳ ಫ್ಲೈಓವರ್ ಜಾಮ್ ಲೆಕ್ಕಕ್ಕೇ ಹಿಡಿದಿಲ್ಲ! ಅದೇ ಸಚಿವಾಲಯ, ಕೆಲವು ಹಳೇ ಗಾಡಿಗಳಲ್ಲಿ 20–30 ಸಾವಿರ ಕಿ.ಮೀ. ಆದಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಖರ್ಚು ಕಡಿಮೆಯೇ ಅಂತಲೂ ಹೇಳಿತ್ತು. ವೀಕೆಂಡ್ ಬೈಕ್ ಓಡಿಸುವವನಿಗೆ ಅದು ಐದಾರು ವರ್ಷದ ಮಾತು, ಈ ಹುಡುಗನಿಗೆ ಏಳರಿಂದ ಹತ್ತು ತಿಂಗಳು.

ಪ್ರೀಮಿಯಂ ಪೆಟ್ರೋಲ್ ಇದಕ್ಕೆ ಮದ್ದಲ್ಲ. ಲೀಟರಿಗೆ ಎಂಟು ರೂಪಾಯಿ ಹೆಚ್ಚು ಕೊಟ್ಟರೆ, ಆ ದುಡ್ಡು ವಾಪಸ್ ಬರೋಕೆ 45 ಕೊಡುವ ಗಾಡಿ 48.5 ಕೊಡಬೇಕು. ಕೊಡಲ್ಲ. ಎಥೆನಾಲ್ ಬೇಡ ಅನ್ನುವವರಿಗೆ ಜನ ತೋರಿಸೋದು 100 ಆಕ್ಟೇನಿನ ಎಕ್ಸ್‌ಪಿ100. 2025ರಲ್ಲಿ ದಿಲ್ಲಿಯಲ್ಲೇ ಅದು ಸುಮಾರು 160 ರೂಪಾಯಿ ಇತ್ತು. ಅದು ಗಿಟ್ಟಬೇಕಾದರೆ ಸ್ಕೂಟರ್ 70 ಕೊಡಬೇಕು, ನಂದಿಬೆಟ್ಟದಿಂದ ಇಳಿಯುತ್ತಲೇ ಇದ್ದರೆ ಸಾಧ್ಯವೇನೋ.

ಎಥೆನಾಲ್ ವಿರೋಧಿಸೋದು ನನ್ನ ಉದ್ದೇಶ ಅಲ್ಲ. ಕಚ್ಚಾ ತೈಲದ ಆಮದು ಕಡಿಮೆಯಾಗುತ್ತೆ, ಬೆಳಗಾವಿ, ಬಾಗಲಕೋಟೆಯ ಕಬ್ಬು ಬೆಳೆಗಾರರಿಗೆ ಇನ್ನೊಂದು ಮಾರುಕಟ್ಟೆ ಸಿಗುತ್ತೆ. 2025ರ ನವೆಂಬರಿನಲ್ಲಿ ಅವರು ಟನ್ನಿಗೆ 3,500 ರೂಪಾಯಿ ಕೇಳಿ ಬೀದಿಗಿಳಿದಾಗ, ರಾಜ್ಯದ ಡಿಸ್ಟಿಲರಿಗಳಿಗೆ ಎಥೆನಾಲ್ ಹಂಚಿಕೆ ಸಾಲದು ಅಂತ ಮುಖ್ಯಮಂತ್ರಿಯೇ ದೂರಿದ್ದರು. ಇದು ದೇಶದ ಕೆಲಸ ಅಂದಮೇಲೆ ಖರ್ಚನ್ನ ದೇಶ ಹೊರಬೇಕು. ಈಗ ಹೊರುತ್ತಿರೋದು ಯಾರು ಹೆಚ್ಚು ಕಿಲೋಮೀಟರ್ ಓಡಿಸ್ತಾರೋ ಅವರು.

2021ರಲ್ಲಿ ನೀತಿ ಆಯೋಗದ ವರದಿಯೇ, ಶಕ್ತಿ ಕಡಿಮೆ ಇರೋದಕ್ಕೆ ಪರಿಹಾರವಾಗಿ ಇ20 ಬೆಲೆ ಸಾಮಾನ್ಯ ಪೆಟ್ರೋಲಿಗಿಂತ ಕಡಿಮೆ ಇರಬೇಕು ಅಂದಿತ್ತು. ಆಗ ಎಥೆನಾಲ್ ಅಗ್ಗ ಇತ್ತು, 2025ರಲ್ಲಿ ಸರಾಸರಿ ಲೀಟರಿಗೆ 71.32 ರೂಪಾಯಿ ಬೀಳುತ್ತಿತ್ತು, ಪೆಟ್ರೋಲಿಗಿಂತ ದುಬಾರಿ ಅನ್ನೋದು ಸಚಿವಾಲಯದ ವಾದವಾಗಿತ್ತು. ವಾದ ಸುಳ್ಳಲ್ಲ, ಅರ್ಧ ಮಾತ್ರ. ಬಂಕಿನ ಬೆಲೆಯಲ್ಲಿ ತೆರಿಗೆ ದೊಡ್ಡ ಪಾಲು, ಅದನ್ನ ಇಳಿಸೋದು ಅವರ ಕೈಯಲ್ಲೇ ಇದೆ. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಕೇಳಿದ್ದ ಅರ್ಜಿಯನ್ನ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಹಾಗಾಗಿ ಉಳಿದಿರೋದು ರಾಜಕೀಯದ ದಾರಿ.

ದಿಲ್ಲಿಯನ್ನೇ ಬೈದು ಕೂರೋ ಅಗತ್ಯವೂ ಇಲ್ಲ. ಪೆಟ್ರೋಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ ಶೇಕಡಾವಾರು ಲೆಕ್ಕದ್ದು, ಲೀಟರಿಗೆ 20 ರೂಪಾಯಿಗೂ ಹೆಚ್ಚು. ನಮ್ಮ ಹುಡುಗ ಹಾಕಿಸುವ ಆ ಮೂರು ಹೆಚ್ಚುವರಿ ಲೀಟರ್ ಮೇಲೂ ವಿಧಾನಸೌಧಕ್ಕೆ ತೆರಿಗೆ ಹೋಗುತ್ತೆ. 2024ರ ಜೂನ್ 15ರಂದು ಇದೇ ತೆರಿಗೆಯನ್ನ ಶೇ 25.92ರಿಂದ 29.84ಕ್ಕೆ ಏರಿಸಿ ಪೆಟ್ರೋಲ್ ಬೆಲೆಯನ್ನ 3 ರೂಪಾಯಿ ಹೆಚ್ಚಿಸಿದ್ದು ರಾಜ್ಯ ಸರ್ಕಾರವೇ. ಶೇ 4 ಮೈಲೇಜ್ ನಷ್ಟ ತುಂಬೋಕೆ ಬೇಕಾದದ್ದು ಲೀಟರಿಗೆ ಸುಮಾರು ನಾಲ್ಕು ರೂಪಾಯಿ. ಅದರಲ್ಲಿ ಮೂರನ್ನ ಇಳಿಸೋಕೆ ಯಾವ ಕೇಂದ್ರ ಸಚಿವರ ಸಹಿಯೂ ಬೇಕಿಲ್ಲ.